ಅವ್ವ ಹಾಲು ಎನ್ನುತ್ತಿರಲಿಲ್ಲ

ನಮ್ಮವ್ವನ ಬಾಯಲ್ಲಿ ಹಾಲಿಗೆ ಹೆಸರಿರಲಿಲ್ಲ. ಎಮ್ಮೆ ಕರೆದು ತಂದದ್ದನ್ನು ಅವಳು 'ಬೆಳ್ಳಗಿಂದು' ಎನ್ನುತ್ತಿದ್ದಳು. ಹಬ್ಬದ ಶಾವಿಗೆಗೆ ಹಿಂಡುವ ಕಾಯಿಹಾಲು ಅವಳಿಗೆ 'ಕಾಯಿರಸ'. ಕಾರಣ ಇಷ್ಟೇ: ಅವಳ ಅತ್ತೆಯ ಹೆಸರು ಹಾಲಮ್ಮ. ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರು ಹೇಳುವಂತಿಲ್ಲ. ಆ ಹೆಸರಿನೊಳಗೆ ಕೂತಿರುವ ಮಾತನ್ನೂ ಮುಟ್ಟುವಂತಿಲ್ಲ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಲಿಗೆ ಎಲ್ಲಿ ತಪ್ಪೀತೋ ಎಂಬ ಭಯಕ್ಕೆ 'ಹಾಳು' ಎಂಬುದನ್ನೂ ಬಿಟ್ಟಿದ್ದಳು. ಬುಕ್ಕಾಂಬುಧಿ ಕೆರೆಯ ಆಸುಪಾಸಿನ ಹಳ್ಳಿಗಳಲ್ಲೆಲ್ಲ ಮಕ್ಕಳನ್ನು 'ಹಾಳಾದೋರೇ' ಎಂದು ಬೈಯದ ತಾಯಿ ಅವಳೊಬ್ಬಳೇ ಇದ್ದಿರಬೇಕು. ಬಾವಿಕಟ್ಟೆಯ ಹೆಂಗಸರಿಗೆ ಇದೊಂದು ಆಟವಾಗಿತ್ತು. ನಾನು ಅವಳ ಸೆರಗು ಹಿಡಿದು ನಿಂತಿರುತ್ತಿದ್ದೆ, ಅವರು ಶುರುಮಾಡುತ್ತಿದ್ದರು.

"ನಿಮ್ಮೆಮ್ಮೆ ಏನ್ ಕೊಡ್ತೈತೇ?"

"ಬೆಳ್ಳಗಿಂದು."

"ಬೆಳ್ಳಗಿಂದು ಅಂದ್ರೆ? ಸುಣ್ಣನೇನೇ?"

"ಹೂಂ ಕಣೇ, ಸುಣ್ಣಾನೇ. ಒಂದ್ ಚೊಂಬು ಕಳಿಸ್ತೀನಿ, ನಿಮ್ಮನೆ ಗೋಡೆಗ್ ಬಳ್ಕೋ."

ಹೀಗೆ ಹೊರಗೆ ಅವ್ವನ ಮಾತು ಚುರುಕು. ಕೊಡ ಹೊತ್ತು ಹೊಸಿಲು ದಾಟಿದಳೋ, ಬಾಯಿ ಮುಚ್ಚಿತು. ಅತ್ತೆ ಸತ್ತುಹೋಗಿದ್ದಳು ನಿಜ. ಆದರೆ ಅವಳು ಸತ್ತ ಆರು ತಿಂಗಳಿಗೆ ನಾನು ಹುಟ್ಟಿದೆ. ಹಿರಿಯರ ಹೆಸರು ಉಳಿಯಲೆಂದು ತೊಟ್ಟಿಲಿನ ದಿನ ನನ್ನ ಕಿವಿಯಲ್ಲಿ ಊದಿದ್ದು ಅದೇ ಹೆಸರು. ಹೆತ್ತ ತಾಯಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ನಾನು ಹಾಲಮ್ಮ, ಹಾಲಿ. ಅವ್ವ ಮೊದಮೊದಲು ನಗುತ್ತ, ಆಮೇಲೆ ನಗುವುದನ್ನು ಮರೆತು, ನನ್ನನ್ನು 'ಅತ್ತೆಮ್ಮ' ಎಂದು ಕರೆದಳು. ಆ ಹೆಸರಿನ ಹಿಂದೆ ಬಹುವಚನ ತಾನಾಗಿಯೇ ಬಂತು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಬಸವನಿಗೆ "ಲೇ ಬಸ್ಯಾ, ಬಾರೋ ಉಣ್ಣಾಕೆ." ನನಗೆ "ಅತ್ತೆಮ್ಮ, ಎದ್ದೇಳಿ, ಊಟ ಆಗೈತೆ."

ಆ ಮನೆಯನ್ನು ಈಗ ನೆನೆದರೆ ಮೊದಲು ಕಾಣುವುದು ನಡುಮನೆಯ ಬೆಳಕಿಂಡಿ. ಮಧ್ಯಾಹ್ನ ಅದರಿಂದ ಒಂದು ಬೆಳಕಿನ ಕಂಬ ಇಳಿದು, ಮರದ ಕಂಬದ ಪಕ್ಕದಲ್ಲೇ ಇನ್ನೊಂದು ಕಂಬದಂತೆ ನಿಲ್ಲುತ್ತಿತ್ತು. ಅಡಿಗೆಮನೆಯ ಹೊಗೆ ಅದರೊಳಗೆ ಬಂದು ಸೇರಿ, ತಿರುಗಿ, ಏನನ್ನೋ ಹುಡುಕುವಂತೆ ಮೇಲೇರುತ್ತಿತ್ತು. ಆ ಬೆಳಕು ಬೀಳುವ ಕಡೆ ಅಜ್ಜಿಯ ಮಣೆ. ಹಲಸಿನದು, ಅಂಚಿಗೆ ಹಿತ್ತಾಳೆಯ ಮೊಳೆ. ಅಜ್ಜಿ ಬದುಕಿದ್ದಾಗ ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲವಂತೆ. ನನ್ನನ್ನು ಮಾತ್ರ ಕೂರಿಸುತ್ತಿದ್ದರು. ಮುದ್ದೆಯ ಆವಿ ಬೆಳಕಿನೊಳಗೆ ನೀಲಿಯಾಗಿ ಕಾಣುತ್ತಿತ್ತು. ಆ ಬೆಳಕಿನ ಅಂಚಿನಲ್ಲಿ, ಮುಖ ಕತ್ತಲಲ್ಲಿ, ಪಾದ ಮಾತ್ರ ಬಿಸಿಲಲ್ಲಿ, ಅವ್ವ ನಿಂತಿರುತ್ತಿದ್ದಳು. ಬಸವ ಉಣ್ಣುವಾಗ ಅವನ ಮಗ್ಗುಲಲ್ಲಿ ಕೂತು ಮುದ್ದೆ ಮುರಿದು ಕೊಡುತ್ತಿದ್ದವಳು, ನಾನು ಉಂಡು ಏಳುವ ತನಕ ನಿಂತೇ ಇರುತ್ತಿದ್ದಳು. ಇದು ದಿನವೂ ಹೀಗೇ ಇತ್ತೋ, ನಾಲ್ಕಾರು ದಿನಗಳನ್ನು ನನ್ನ ನೆನಪು ವರ್ಷಗಟ್ಟಲೆ ಎಳೆದಿದೆಯೋ ಎಂದು ಯಾರಾದರೂ ಪಾಟೀಸವಾಲು ಹಾಕಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಬಿಸಿಲಲ್ಲಿದ್ದ ಆ ಎರಡು ಪಾದಗಳು, ಕಾಲುಂಗುರದ ಹೊಳಪು, ಇವು ಸುಳ್ಳಲ್ಲ.

ನನಗೆ ಸಿಟ್ಟು ಬರುತ್ತಿತ್ತು. ಎಲ್ಲ ಮಕ್ಕಳಿಗೂ ಬರುವಂಥದಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಜಡೆ ಬಿಗಿಯಾಯಿತೆಂದೋ ಎಲ್ಲಿಂದಲೋ ಎದ್ದು ಬಂದು, ಕಣ್ಣ ಮುಂದಿನ ಬೆಳಕನ್ನೇ ಕೆಂಪು ಮಾಡುತ್ತಿತ್ತು. ಕಂಚಿನ ತಟ್ಟೆ ಎತ್ತಿ ಕಂಬಕ್ಕೆ ಹೊಡೆಯುತ್ತಿದ್ದೆ. ಅದು ನೆಲಕ್ಕೆ ಬಿದ್ದು ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ಆ ಸದ್ದಿಗೆ ಮನೆ ಪೂರ್ತಿ ನಿಂತುಹೋಗುತ್ತಿತ್ತು. ಕೂತು ಸೊಪ್ಪು ಬಿಡಿಸುತ್ತಿದ್ದರೂ ಅವ್ವ ತಟ್ಟನೆ ಎದ್ದು, ಸೆರಗು ತಲೆಗೆ ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಮೂಲೆಯಿಂದ ನಿಂಗಜ್ಜಿ ತೆವಳಿ ಬರುತ್ತಿದ್ದಳು. ನಿಂಗಜ್ಜಿ ಎಂದರೆ ಸತ್ತ ಅಜ್ಜಿಯ ಒಡಹುಟ್ಟಿದ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ಎಪ್ಪತ್ತು ದಾಟಿದ ಆ ಮುದುಕಿ ಎಂಟು ವರ್ಷದ ನನ್ನ ಮುಂದೆ ಕೈ ಜೋಡಿಸುತ್ತಿದ್ದಳು.

"ಸಮಾಧಾನ ಮಾಡ್ಕಳಕ್ಕಾ. ತಪ್ಪಾತು. ಸೊಸೆ ಹುಡುಗಿ, ಗೊತ್ತಾಗ್ಲಿಲ್ಲ ಅದ್ಕೆ."

ಆಮೇಲೆ ಬಾಗಿಲಲ್ಲಿ ನಿಂತು ನೋಡುವವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು:

"ನಮ್ಮಕ್ಕನೇ ಕಣ್ರೇ. ತಟ್ಟೆ ಎಸೆಯೋದ್ ನೋಡ್ರಿ, ಆ ಮೂಗ್ ನೋಡ್ರಿ. ರಕ್ತ ಎಲ್ಲಿಗೋಯ್ತದೆ?"

ನೋಡಲು ಬಂದವರು ನನ್ನ ಮೂಗು ನೋಡಿ ಹೌದೆಂದು ತಲೆಯಾಡಿಸುತ್ತಿದ್ದರು. ಕೊನೆಗೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಅಲ್ಲಿ ಬಾಳೆಯ ಬುಡದಲ್ಲಿ ಒಡೆದ ಒರಳುಕಲ್ಲೊಂದು ಬಿದ್ದಿತ್ತು. ಅದರ ತಣ್ಣನೆಯ ಮೈಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರಿಂದ ತೋರುಬೆರಳನ್ನು ಚುಚ್ಚುತ್ತ ಕೂತರೆ, ಕೆಂಪೆಲ್ಲ ಮೆಲ್ಲಗೆ ಇಳಿದು ಕಲ್ಲಿನೊಳಗೆ ಹೋಗುತ್ತಿತ್ತು. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಯಾರೂ ನೋಡಿದ್ದೂ ಇಲ್ಲ.

ಒಂದು ಸಲ ಸೌಟು ಎಸೆದೆ. ಅದು ಬಸವನ ಹುಬ್ಬಿಗೆ ತಗುಲಿ ರಕ್ತ ಸುರಿಯಿತು. ಅವನು ಅಳಲಿಲ್ಲ, ರಕ್ತವನ್ನು ಬೆರಳಿಂದ ಮುಟ್ಟಿ, ಬೆಳಕಿಗೆ ಹಿಡಿದು, "ಬೆಚ್ಚಗೈತೆ ಕಣಕ್ಕಾ" ಅಂದ. ಅವನು ಹಾಗೆಯೇ. ಅದೇ ಮನೆ, ಅದೇ ಮುದ್ದೆ, ಅದೇ ತಂದೆತಾಯಿ, ಆದರೆ ಬಿದ್ದರೂ ಎದ್ದು ನಗುವ ಪ್ರಾಣಿ. ಅವತ್ತು ನನಗೆ ಏಟು ಬೀಳುತ್ತದೆಂದು ಕಾದೆ. ಅವ್ವ ಅರಿಶಿನ ತಂದು ಅವನ ಗಾಯಕ್ಕೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆಮ್ಮ, ನಿಮಗೇನಾರ ಪೆಟ್ಟಾಯ್ತೇ?" ಎಂದು ಕೇಳಿದಳು. ಮರುದಿನ ಬಸವ ಬೆಲ್ಲ ಕದ್ದು ಸಿಕ್ಕಿಬಿದ್ದ. ಅವ್ವ "ಲೇ ಕಳ್ಳಾ!" ಎಂದು ಅಟ್ಟಿಸಿಕೊಂಡು ಹೋಗಿ, ಬೆನ್ನಿಗೊಂದು ಬಿಟ್ಟು, ಆಮೇಲೆ ಅಪ್ಪಿ ಮುದ್ದಾಡಿದಳು. ನಾನು ಮಣೆಯ ಮೇಲಿಂದ ನೋಡಿದೆ. ಆ ಏಟಿಗೆ ನಾನೆಷ್ಟು ಹೊಟ್ಟೆಕಿಚ್ಚುಪಟ್ಟೆನೆಂದು ಬರೆದರೆ ನಂಬುವವರು ಕಡಿಮೆ. ನನಗೆ ಬೇಕಾಗಿದ್ದದ್ದು ಒಂದೇ. ಅವ್ವ ನನ್ನನ್ನು ಒಂದು ಸಲ, ಒಂದೇ ಒಂದು ಸಲ, 'ಹಾಲಿ' ಎಂದು ಕರೆಯಬೇಕು.

ಮೈಸೂರಿಗೆ ಓದಲು ಹೋದ ಮೇಲೆ ಚರ್ಚಾಕೂಟದಲ್ಲಿ ನನಗೆ ಈ ವಿಷಯವೇ ಸಿಕ್ಕಿತು: ಮಗುವಿನ ಗುಣ ರಕ್ತದಿಂದ ಬರುವುದೋ, ಮನೆಯಿಂದ ಬರುವುದೋ. ಒಂದು ಸಲ ರಕ್ತದ ಪರ ನಿಂತು ಗೆದ್ದೆ, ಇನ್ನೊಂದು ಸಲ ಮನೆಯ ಪರ ನಿಂತು ಗೆದ್ದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಎದುರಾಳಿ ಗಾದೆ ಬಿಟ್ಟಾಗ, ನೂಲೇ ಸೀರೆಯಾಗುವುದಾದರೆ ಊರಲ್ಲಿ ಮಗ್ಗವೇಕೆ, ನೇಕಾರನಿಗೆ ಕೂಲಿಯೇಕೆ ಎಂದು ಕೇಳಿದೆ, ಚಪ್ಪಾಳೆ ಬಿತ್ತು. ಆದರೆ ವೇದಿಕೆಯಿಂದ ಇಳಿಯುವಾಗ ಬಸವನ ನಗು ನೆನಪಾಯಿತು. ಒಂದೇ ಮಗ್ಗದಲ್ಲಿ ಒಂದು ಗೋಣಿ, ಒಂದು ರೇಷ್ಮೆ ಹೇಗೆ ಬಂದವು? ಈ ಪ್ರಶ್ನೆ ಎದುರಾಳಿಗೆ ಹೊಳೆಯಲಿಲ್ಲ, ನಾನು ಹೇಳಲೂ ಇಲ್ಲ. ಚರ್ಚೆಯಲ್ಲಿ ಗೆಲ್ಲುವುದಕ್ಕೂ ತಿಳಿಯುವುದಕ್ಕೂ ಸಂಬಂಧ ಕಡಿಮೆ ಎಂಬುದು ನನಗೆ ಒಂಬತ್ತನೆಯ ವಯಸ್ಸಿಗೇ ಗೊತ್ತಾಗಿತ್ತು.

ಆ ವರ್ಷ ಎತ್ತುಗಳಿಗೆ ಲಾಳ ಕಟ್ಟಿಸಲು ಅಪ್ಪನ ಜೊತೆ ಅಜ್ಜಂಪುರಕ್ಕೆ ಹೋಗಿದ್ದೆ. ಲಾಳ ಕಟ್ಟುವ ಇಮಾಂ ಸಾಬರು ಹಳಬರು. ಮನೆಯೊಳಗೆ ತಮ್ಮ ಮಾತು ಆಡಿ, ಹೊರಬಂದು ಎತ್ತಿಗೂ ನಮಗೂ ಕನ್ನಡದಲ್ಲಿ ಮಾತಾಡುತ್ತಿದ್ದರು. ಅಪ್ಪ ಹಗ್ಗ ತರಲು ಪೇಟೆಗೆ ಹೋದ. ಎತ್ತಿನ ಗೊರಸು ತೊಡೆಯ ಮೇಲಿಟ್ಟುಕೊಂಡು ಸಾಬರು ನನ್ನನ್ನು ನೋಡಿ ನಕ್ಕರು.

"ನಿಮ್ಮಪ್ಪ ಯಗಟಿಯಿಂದ ಬಂದಾಗ ನಿನ್ನ ಅರ್ಧ ಇದ್ದ ಕಣಮ್ಮ. ನಮ್ಮಪ್ಪನ ಗಾಡೀಲೇ ಕರ್ಕೊಂಡ್ ಬಂದಿದ್ದು. ದಾರಿಯುದ್ದಕ್ಕೂ ಅಳು."

"ಯಗಟಿಯಿಂದ ಯಾಕೆ ಬಂದಿದ್ದು?"

"ಯಾಕೆ ಅಂದ್ರೆ? ನಿಮ್ಮಜ್ಜಿಗೆ ಮಕ್ಕಳಿರಲಿಲ್ಲ, ಮಡ್ಲಿಗೆ ಹಾಕ್ಕೊಂಡ್ರು. ಊರಿಗೆಲ್ಲ ಗೊತ್ತಲ್ಲ. ಏಯ್, ಕಾಲ್ ಆಡಿಸ್‌ಬ್ಯಾಡ!" ಕೊನೆಯ ಮಾತು ಎತ್ತಿಗೆ.

ಊರಿಗೆಲ್ಲ ಗೊತ್ತಿತ್ತು! ಯಗಟಿಯಲ್ಲಿ ಅಪ್ಪ 'ಸಣ್ಣವ್ವ' ಎಂದು ಕರೆಯುವ, ಅಜ್ಜನ ಕಡೆಯ ಸಂಬಂಧದ ಒಬ್ಬ ಮುದುಕಿ ಇದ್ದಾಳೆ, ವರ್ಷಕ್ಕೊಮ್ಮೆ ಅವಳನ್ನು ನೋಡಲು ಹೋಗುತ್ತಾನೆ ಎಂಬುದು ನನಗೂ ಗೊತ್ತಿತ್ತು. ಅಂದರೆ ಅವಳೇ ಹೆತ್ತವಳು. ಅಂದರೆ ಸತ್ತ ಹಾಲಮ್ಮಜ್ಜಿಯ ಒಂದು ತೊಟ್ಟು ರಕ್ತವೂ ನನ್ನಲ್ಲಿಲ್ಲ. ಊರಿಗೆ ಊರೇ ಇದನ್ನು ತಿಳಿದೂ ತಿಳಿದೂ ನನ್ನ ಮುಖದಲ್ಲಿ ಅವಳ ಮೂಗು ಕಂಡಿತ್ತು. ಅಪ್ಪನನ್ನು ಅಕ್ಕನ ಮಡಿಲಿಗೆ ಹಾಕಿದ ದಿನ ಪಕ್ಕದಲ್ಲೇ ಕೂತಿದ್ದ ನಿಂಗಜ್ಜಿಯೇ 'ರಕ್ತ ಎಲ್ಲಿಗೋಯ್ತದೆ' ಎಂದು ಸಾರಿದ್ದಳು. ಅವಳು ಸುಳ್ಳುಗಾರ್ತಿ ಎಂದು ಅವತ್ತು ತೀರ್ಮಾನಿಸಿದೆ. ಈಗ ಹಾಗೆನ್ನಿಸುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಸಿದ್ಧಾಂತವಲ್ಲ, ಅಕ್ಕ.

ಸುಗ್ಗಿ ಮುಗಿದ ಮೇಲೆ ಹಟ ಮಾಡಿ ಅಪ್ಪನ ಜೊತೆ ಯಗಟಿಗೆ ಹೊರಟೆ. ಗಾಡಿಯಲ್ಲಿ ಒಂದು ಹಗಲಿನ ದಾರಿ. ಕೆರೆಯ ತಂಪು ಹಿಂದೆ ಬಿದ್ದು, ನೆಲ ಕೆಂಪಾಗಿ, ಬಯಲಾಗಿ, ಎಲ್ಲೋ ದೂರದಲ್ಲಿ ಕುರಿಹಿಂಡು ಮೋಡದ ನೆರಳಿನಂತೆ ಸರಿಯುತ್ತಿತ್ತು. ಕಣ್ಣು ಮುಚ್ಚಿದರೂ ಅದು ಸರಿಯುತ್ತಿತ್ತು. ಮಧ್ಯೆ ಒಮ್ಮೆ ಅಪ್ಪನನ್ನು ಕೇಳಿಯೇಬಿಟ್ಟೆ.

"ಸಣ್ಣವ್ವನೇ ನಿನ್ನ ಹೆತ್ತಿದ್ದಾ?"

ಅಪ್ಪ ಎತ್ತಿನ ಬೆನ್ನು ಸವರಿದ. "ಹೂಂ ಕಣವ್ವ. ಅದ್ರಾಗೇನೈತೆ?"

ಅದ್ರಾಗೇನೈತೆ! ನನ್ನ ಬಾಲ್ಯವೇ ಅದರಲ್ಲಿತ್ತು.

ಯಗಟಿಯ ಮುದುಕಿ ಕುರಿಯ ವಾಸನೆಯ ಕಂಬಳಿ ಹೊದ್ದ, ಸಣ್ಣ ದನಿಯ, ಚಿಕ್ಕ ಹೆಂಗಸು. ನನ್ನನ್ನು ಕಂಡವಳೇ ಕೈ ಚಾಚಿದಳು.

"ಬಾರೇ ಹಾಲಿ. ಹಾಲ್ ಕುಡೀತೀಯಾ? ಕುರಿ ಹಾಲು, ವಾಸ್ನೆ ಅಂತ ಮೂಗ್ ಮುಚ್ಕಬ್ಯಾಡ ಮತ್ತೆ."

ಹಾಲಿ, ಹಾಲು, ಹಾಲು. ಎಷ್ಟು ಸುಲಭವಾಗಿ ಅಂದಳು! ಇಷ್ಟು ಸಣ್ಣ ದನಿಯವಳಿಂದ ನನ್ನ ಸಿಟ್ಟು ಬಂದಿರಲು ಸಾಧ್ಯವಿಲ್ಲ. ಹಾಗಾದರೆ ಅದು ಯಾರದೂ ಅಲ್ಲ, ಕಿತ್ತು ಎಸೆಯಬಹುದು ಎಂದು ಅವತ್ತು ಸಂತೋಷದಲ್ಲಿ ಮಲಗಿದೆ. ಬೆಳಿಗ್ಗೆ ಅಂಗಳದಲ್ಲಿ ಗಲಾಟೆಗೆ ಎಚ್ಚರವಾಯಿತು. ಒಣಹಾಕಿದ್ದ ರಾಗಿಯ ಮೇಲೆ ಕುರಿಗಳು ನುಗ್ಗಿದ್ದವು. ದೊಡ್ಡಿಯ ಬಾಗಿಲ ಪಡಿ ಹಾಕದೆ ಬಿಟ್ಟವರು ಯಾರೆಂದು ಮುದುಕಿಗೂ ಅವಳ ಸೊಸೆಗೂ ಮಾತು ಬೆಳೆದಿತ್ತು. ಸೊಸೆ ಏನೋ ಅಂದಳು. ಮುದುಕಿ ಕೈಲಿದ್ದ ಮೊರವನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ರಾಗಿ ಚೆಲ್ಲಾಡಿತು. ಆಮೇಲೆ ಯಾರನ್ನೂ ನೋಡದೆ ಹೋಗಿ, ಅಂಗಳದ ಮೂಲೆಯ ಒರಳಿನ ಪಕ್ಕ ಕೂತು, ಅದಕ್ಕೆ ಹಣೆ ಒತ್ತಿದಳು. ಕಣ್ಣು ಮುಚ್ಚಿದ್ದವು. ಹೆಬ್ಬೆರಳಿನ ಉಗುರು ತೋರುಬೆರಳನ್ನು ಚುಚ್ಚುತ್ತಿತ್ತು.

ನಾನು ಹೊಸಿಲಲ್ಲಿ ನಿಂತೆ. ಎಳೆಬಿಸಿಲು, ಕುರಿಗಳು ಎಬ್ಬಿಸಿದ ಧೂಳು, ಆ ಧೂಳಿನಾಚೆ ಕಲ್ಲಿಗೆ ಹಣೆಯಿಟ್ಟ ನಾನು, ಅರುವತ್ತು ವರ್ಷ ಕಳೆದು ಮುದುಕಿಯಾಗಿ. ಎಚ್ಚರವಾಗಿದೆಯೋ ಇಲ್ಲವೋ ಎಂದು ಬಾಗಿಲ ಚೌಕಟ್ಟನ್ನು ಮುಟ್ಟಿ ನೋಡಿದೆ. ಓಡಿಹೋಗಿ ಅವಳ ಕೈ ಹಿಡಿಯಲು ಹೊರಟಾಗ ಸೊಸೆ ನನ್ನ ಜಡೆ ಹಿಡಿದು ನಿಲ್ಲಿಸಿದಳು.

"ಬಿಡೇ, ಅವ್ರ ಪಾಡಿಗ್ ಅವ್ರಿರ್ಲಿ. ಅರ್ಧ ಗಳಿಗೆ. ನೀನ್ ಬಾ, ರಾಗಿ ಗುಡಿಸು."

ಯಾರೂ ಎದ್ದು ನಿಲ್ಲಲಿಲ್ಲ. ಯಾರೂ ಕೈ ಜೋಡಿಸಲಿಲ್ಲ. ಹಾದುಹೋಗುವವರು ಮಳೆ ನಿಲ್ಲಲೆಂದು ಕಾಯುವವರಂತೆ ಅವಳ ಬದಿಯಿಂದ ಹಾದುಹೋದರು. ನಾನು ರಾಗಿ ಗುಡಿಸಿ ಮುಗಿಸುವ ಹೊತ್ತಿಗೆ ಮುದುಕಿ ಎದ್ದು, ಹಣೆಗಂಟಿದ ಧೂಳು ಒರೆಸಿಕೊಳ್ಳುತ್ತ, "ಮುದ್ದೆ ಆತೇನ್ರೇ?" ಎಂದು ಕೇಳಿದಳು. ಸೊಸೆ "ಆತು, ಮೊರ ನೀವೇ ಹೊಲಿಸ್ಕೊಂಡ್ ಬರ್ಬೇಕು" ಅಂದಳು. ಇಬ್ಬರೂ ನಕ್ಕರು.

ವಾಪಸು ಬಂದ ಮರುದಿನವೇ ಅಡಿಗೆಮನೆಯಲ್ಲಿ ನನ್ನ ವಾದ ಮಂಡಿಸಿದೆ. ಸಂಜೆಯ ಹೊತ್ತು. ಒಲೆಯ ಮೇಲೆ ಕರೆದ ಹಾಲು ಕಾಯುತ್ತಿತ್ತು. ಅವ್ವ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ನಿಂಗಜ್ಜಿ ಗೋಡೆಗೊರಗಿ ಎಲೆಯಡಿಕೆ ಕುಟ್ಟುತ್ತಿದ್ದಳು.

"ಅವ್ವ, ನಾನು ನಿನ್ ಅತ್ತೆಯಲ್ಲ. ಅಪ್ಪ ಯಗಟಿಯೋನು. ಆ ಅಜ್ಜಿ ರಕ್ತ ನನ್ನ ಮೈಲಿಲ್ಲ. ಹಂಗಾದ್ಮೇಲೆ ನೀನು ನನ್ನ ಹೆಸ್ರು ಹೇಳ್ಬೋದು."

ನಿಂಗಜ್ಜಿಯ ಕುಟ್ಟಾಣಿ ನಿಂತಿತು. "ಅಯ್ಯೋ, ಎಂಥ ಮಾತಾಡ್ತೈತೆ ನೋಡ್ರೀ!"

ಅವ್ವ ಕಾಯಿಯಿಂದ ಕಣ್ಣೆತ್ತಲಿಲ್ಲ. "ಅದು ನಂಗೊತ್ತಿಲ್ವೇ? ಮದುವೆಯಾಗಿ ಬಂದಾಗಿಂದ ಗೊತ್ತು."

"ಮತ್ತೆ ನಾನ್ ಕೂಗಿದ್ರೆ ಯಾಕ್ ಎದ್ದು ನಿಲ್ತೀಯಾ?"

ಅವ್ವ ಇನ್ನೆರಡು ಕಾಯಿ ಸುಲಿದಳು. ಕೊನೆಗೆ, ಹೊರಗಿನ ಯಾರದೋ ವಿಷಯ ಹೇಳುವಂತೆ ಅಂದಳು:

"ನಾನು ನಿಲ್ಲೋದಲ್ಲ. ಕಾಲು ನಿಲ್ತವೆ. ಹನ್ನೊಂದು ವರ್ಷಕ್ಕೆ ಬಂದೆ ಈ ಮನೆಗೆ. ತಟ್ಟೆ ಸದ್ದಾದ್ರೆ ಎದ್ದು ನಿಲ್ಲೋದ್ನ ಆಗ ಕಲ್ತವು. ಅತ್ತೆ ಹೋದ್ರು ಅಂತ ಅವಕ್ಕೆ ಯಾರ್ ಹೇಳ್ಬೇಕು?"

ಇಷ್ಟು ದೂರ ಹೋಗಿ ತಂದ ಸಾಕ್ಷಿ ಅವಳಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಏನೂ ಬದಲಾಗಿರಲಿಲ್ಲ. ಆ ನಿರಾಸೆಗೆ ಕೆಂಪು ಎದ್ದಿತು. ಕೈ ತಟ್ಟೆಗೆ ಹೋಯಿತು. ಅದು ಬಾಗಿಲಾಚೆ ನಡುಮನೆಯ ಕಂಬಕ್ಕೆ ಬಡಿದು ನೆಲದಲ್ಲಿ ಗುಂಯ್‌ಗುಟ್ಟಿತು. ಮಡಿಲಿನ ಅವರೆಕಾಯಿ ಚೆಲ್ಲಿ, ಅವ್ವ ಎದ್ದು ನಿಂತಳು. ಸೆರಗು ತಲೆಗೆ ಹೋಯಿತು. ನಿಂಗಜ್ಜಿಯ ಕೈಗಳು ಕೂಡಿದವು.

ಹಿತ್ತಲಿಗೆ ಓಡಲಿಲ್ಲ. ಅಲ್ಲೇ, ಒಲೆಯ ಮಗ್ಗುಲಲ್ಲಿದ್ದ ಒರಳಿನ ಪಕ್ಕ ಕೂತು, ಎಲ್ಲರೆದುರಿಗೆ ಅದಕ್ಕೆ ಹಣೆ ಒತ್ತಿ ಕಣ್ಣು ಮುಚ್ಚಿದೆ.

"ನಿಮ್ ಪಾಡಿಗ್ ನೀವ್ ಕೆಲ್ಸ ಮಾಡ್ಕಳಿ," ಎಂದೆ. "ಅರ್ಧ ಗಳಿಗೆ."

ಕಲ್ಲು ತಣ್ಣಗಿತ್ತು. ರುಬ್ಬಿದ ಹುಣಸೆ, ಮೆಣಸಿನ ಹಳೆಯ ವಾಸನೆ. ಯಾರೂ ಕದಲಲಿಲ್ಲ. ಎಷ್ಟು ಹೊತ್ತೋ, ತಟ್ಟೆಯ ದನಿ ಸಣ್ಣಗಾಗುತ್ತ ನನ್ನ ಕಿವಿಯೊಳಗೇ ಎಲ್ಲೋ ಕರಗಿತು. ಯಗಟಿಯ ಧೂಳು ಕಣ್ಣ ರೆಪ್ಪೆಯೊಳಗೆ ಮೆಲ್ಲಗೆ ಇಳಿಯುತ್ತಿತ್ತು. ಆಗ ಸುಸ್ಸೆಂದು ಒಂದು ಸಣ್ಣ ಸದ್ದು. ಅದರ ಬೆನ್ನಿಗೇ, ಬಾವಿಕಟ್ಟೆಯಲ್ಲಿ ಮಾತ್ರ ಕೇಳಿದ್ದ ಅವ್ವನ ಚುರುಕು ದನಿ, ಮೊದಲ ಸಲ ಹೊಸಿಲೊಳಗೆ:

"ಹಾಲು! ಲೇ ಹಾಲಿ, ಹಾಲುಕ್ತೈತೆ ಕಣೇ, ಇಳ್ಸೇ ಹಾಳಾದೋಳೇ!"

ಎದ್ದು, ಬರಿಗೈಯಲ್ಲೇ ಮಡಕೆ ಇಳಿಸಿದೆ. ಬೆರಳು ಸುಟ್ಟವು. ನಿಂಗಜ್ಜಿಯ ಜೋಡಿಸಿದ ಕೈಗಳು ಬಿಟ್ಟುಕೊಂಡವು. ಅವ್ವ ನಾಲಿಗೆ ಕಚ್ಚಿಕೊಂಡು, ಎರಡೂ ಕೆನ್ನೆಗೆ ಬಡಿದುಕೊಂಡು, ದೇವರ ಗೂಡಿನ ಕಡೆ ನೋಡಿದಳು. ಏನೂ ಆಗಲಿಲ್ಲ. ಒಲೆಯಲ್ಲಿ ಸೀದ ಹಾಲಿನ ವಾಸನೆ ಮನೆಯೆಲ್ಲ ತುಂಬಿತು.

ಆಮೇಲೂ ಅವಳು ಎಷ್ಟೋ ಸಲ 'ಬೆಳ್ಳಗಿಂದು' ಅಂದಿದ್ದಾಳೆ. ಎಷ್ಟೋ ಸಲ 'ಅತ್ತೆಮ್ಮ' ಅಂದಿದ್ದಾಳೆ. ನನ್ನ ಸಿಟ್ಟೂ ಹೋಗಿಲ್ಲ. ಮೈಸೂರಿನಲ್ಲಿ ನನ್ನೆದುರು ವಾದಿಸಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಅವತ್ತು ಮಡಕೆಯಲ್ಲಿ ಅರ್ಧ ಉಳಿದಿತ್ತು. ಅವ್ವ ನನ್ನ ಬೆರಳಿಗೆ ಬೆಣ್ಣೆ ಹಚ್ಚಿದಳು. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ತಂದು ನನ್ನ ಮುಂದಿಟ್ಟಳು. ಅದನ್ನು ಈಗ ಏನೆನ್ನಬೇಕೋ, ನನ್ನನ್ನು ಏನೆನ್ನಬೇಕೋ ತಿಳಿಯದೆ, "ತಗಾ" ಎಂದಷ್ಟೇ ಅಂದಳು. ಚೆಲ್ಲಿದ ಅವರೆಕಾಯಿಯ ನಡುವೆ ನನ್ನ ಮಗ್ಗುಲಲ್ಲಿ ಕೂತಳು. ನಾನು ಬೇಕೆಂದೇ ನಿಧಾನವಾಗಿ ಕುಡಿದೆ. ಮುಗಿಯುವ ತನಕ ಅವಳು ಏಳಲಿಲ್ಲ.